ಆರಾಳಿನ ಹರಿಗೋಲು, ನಾಲ್ಕು ಪೈಪು

ಮಾರಿಕಣಿವೆಯ ಹಿನ್ನೀರು ದಾಟಿಸುವ ಹರಿಗೋಲಿನವರು ಸಾಮಾನಿನ ಭಾರವನ್ನು ಕಿಲೋದಲ್ಲಿ ಕೇಳದೆ ಆಳಿನ ಲೆಕ್ಕದಲ್ಲಿ ಕೇಳುತ್ತಿದ್ದ ಕಾಲ ಅದು. ಒಂದು ಮೂಟೆ ಜೋಳ ಅಂದರೆ ಒಂದೂವರೆ ಆಳು, ಮೇಕೆ ಅಂದರೆ ಅರ್ಧ ಆಳು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ನಾನು ಎಂಟನೇ ಕ್ಲಾಸು ಮುಗಿಸಿದ್ದೆ. ಅಪ್ಪನಿಗೆ ಅಣೆಕಟ್ಟಿನಲ್ಲಿ ಕೆಲಸ, ನಮಗೆ ಅಲ್ಲೇ ಕ್ವಾರ್ಟರ್ಸು. ಅವ್ವನ ತವರು ಆಚೆ ದಡದಲ್ಲಿ. ಅಜ್ಜಿಯ ಮನೆಯ ಹುಲ್ಲಿನ ಚಾವಣಿ ತೆಗೆದು ತಗಡು ಹೊದಿಸಲೆಂದು ಅಪ್ಪ ಹಿರಿಯೂರಿನಿಂದ ಹತ್ತು ಜಿಐ ಶೀಟು, ನಾಲ್ಕು ಪೈಪು, ಒಂದಿಷ್ಟು ಕಬ್ಬಿಣದ ಪಟ್ಟಿ ತರಿಸಿದ್ದ. ಅಂಗಳದ ತುಂಬ ಹೊಸ ಕಬ್ಬಿಣದ ಘಾಟು. ಶೀಟಿನ ಮೇಲೆ ಸತುವು ಹೂ ಹೂವಾಗಿ ಹರಡಿತ್ತು, ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು.

ಬಸ್ಸಿನಲ್ಲಿ ಸುತ್ತಿಕೊಂಡು ಹೋದರೆ ಹೋಗಲಿಕ್ಕೇ ಒಂದು ದಿನ. ಸಂಜೆ ಎಮ್ಮೆ ಕರೆಯುವವರಿಲ್ಲ. ಹರಿಗೋಲಿನಲ್ಲಾದರೆ ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ಸು. ಎರಡು ವರ್ಷದಿಂದ ತಾಯಿಯ ಮುಖ ನೋಡದ ಅವ್ವ ಕರ್ಜಿಕಾಯಿ ಕರಿದು ಡಬ್ಬಿಗೆ ತುಂಬಿ, ಬಟ್ಟೆ ಕಟ್ಟಿ ಇಟ್ಟಿದ್ದಳು.

ಹಿಂದಿನ ದಿನ ಮಧ್ಯಾಹ್ನ ಹರಿಗೋಲಿನ ಭೀಮಣ್ಣ ಬಂದ. ಅಪ್ಪ ಡ್ಯೂಟಿಯಲ್ಲಿದ್ದ.

“ಯಕ್ಕಾ, ನನ್ನ ಬಿಟ್ಟು ಆರಾಳು ತಡೀತೈತೆ. ಗಾಳಿ ಏಳಾದ್ರೊಳಗೆ ಒಂದೇ ಸಲ. ಈ ಕಬ್ಬಿಣ ಎಷ್ಟಾಳು ಹೇಳ್ರಿ.”

“ಕುಂತ್ಕಳ್ರಿ, ನಾನು ಹೇಳ್ತೀನಿ” ಎಂದೆ. ಜಂಭಕ್ಕೇನೂ ಕಡಿಮೆಯಿರಲಿಲ್ಲ. ಉದ್ದ, ಅಗಲ ಮೀಟರಿನಲ್ಲಿ, ದಪ್ಪ ಮಿಲಿಮೀಟರಿನಲ್ಲಿ. ಮೂರನ್ನೂ ಗುಣಿಸಿ, ಮತ್ತೆ ಏಳು ಪಾಯಿಂಟ್ ಎಂಟು ಐದರಿಂದ ಗುಣಿಸಿದರೆ ಕಿಲೋ ಬರುತ್ತದೆಂದು ಅಪ್ಪ ಹೇಳಿಕೊಟ್ಟಿದ್ದ. ಎಂಟಡಿ ಉದ್ದ, ಮೂರಡಿ ಅಗಲ, ಅರ್ಧ ಮಿಲಿಮೀಟರ್ ದಪ್ಪದ ಶೀಟಿಗೆ ಎಂಟೂಮುಕ್ಕಾಲು ಕಿಲೋ. ಪಟ್ಟಿಯೆಂದರೂ ಅಗಲ ಕಡಿಮೆಯಾದ ಶೀಟೇ. ಪೈಪಿನ ಲೆಕ್ಕ ಅಪ್ಪ ಹೇಳಿರಲಿಲ್ಲ. ಹೇಳುವುದೇನು, ಶಾಲೆಯಲ್ಲಿ ಸಿಲಿಂಡರಿನ ಘನಫಲ ಕಲಿತಿದ್ದೆನಲ್ಲ! ಎರಡಿಂಚಿನ ಪೈಪು ಒಂದಕ್ಕೆ ಐವತ್ತೈದು ಕಿಲೋ ಬಂತು. ನಾಲ್ಕನ್ನೂ ಒಂದೇ ಕಟ್ಟು ಕಟ್ಟಿದ್ದರಿಂದ ಎತ್ತಿ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ.

“ಆಳಿಗೆ ಅರವತ್ತೈದು ಕಿಲೋ ಅಂದ್ರೂ ಐದಾಳಾತು” ಎಂದೆ.

“ಹಂಗಾರೆ ನಿಮ್ಮನೆ ಯಜಮಾನ್ರು ಒಬ್ರೇ ಬರ್ಲಿ ಬಿಡ್ರಿ” ಎಂದು ಭೀಮಣ್ಣ ಎದ್ದು ಹೋದ.

ಅವ್ವ ಡಬ್ಬಿಯನ್ನು ನನ್ನ ಮುಂದಿಟ್ಟಳು. “ಹೋಗ್ಲಿ ಬಿಡು. ಇದನ್ನ ನಿಮ್ಮಪ್ಪನ ಕೈಲಿ ಕಳ್ಸಾಣ” ಎಂದವಳೇ ಎಮ್ಮೆಗೆ ಹುಲ್ಲು ಹಾಕಲು ಹೋದಳು. ಆಗಷ್ಟೇ ಹುಲ್ಲು ಹಾಕಿಯಾಗಿತ್ತು. ನನಗೆ ಅಳು ಬಂತು.

ಅಷ್ಟರಲ್ಲಿ ಐದು ವರ್ಷದ ತಮ್ಮ ತಿಮ್ಮ ಪೈಪಿನ ಬಾಯಿಗೆ ಬಾಯಿಟ್ಟು “ಕೂ” ಎಂದು ಕೂಗಿದ. “ಅಕ್ಕಾ, ಆ ಕಡೆ ಕೇಳುಸ್ತಾ?” ಎಂದ. ಇನ್ನೊಂದು ತುದಿಗೆ ಕಿವಿಯಿಟ್ಟೆ. ಅವನ ದನಿ ಬೆಚ್ಚಗೆ ಕಿವಿಗೆ ಬಂತು. ಒಳಗಿರುವುದು ಬರೀ ಗಾಳಿ. ನಾನು ಅದನ್ನೂ ಕಬ್ಬಿಣಕ್ಕೆ ಸೇರಿಸಿ ಗುಣಿಸಿದ್ದೆ!

ಒಳಗಿನ ಟೊಳ್ಳನ್ನು ಕಳೆದು ನೋಡಿದೆ. ಪೈಪು ಒಂದಕ್ಕೆ ಹನ್ನೆರಡೂಕಾಲು ಕಿಲೋ. ಕಬ್ಬಿಣವೆಲ್ಲಾ ಸೇರಿದರೂ ಎರಡೂವರೆ ಆಳು ದಾಟಲಿಲ್ಲ. ಅಪ್ಪ ಅವ್ವ ಇಬ್ಬರು, ನಾನು ತಿಮ್ಮ ಸೇರಿ ಒಂದು. ಒಟ್ಟು ಐದೂವರೆ. ಬರಿಗಾಲಲ್ಲಿ ದಡಕ್ಕೆ ಓಡಿದೆ.

“ಅಲ್ವೇ, ಇಷ್ಟರಾಗೆ ಆ ಮೂರಾಳು ಎತ್ಲಾಗೆ ಹೋದ್ರೇ?” ಎಂದು ಭೀಮಣ್ಣ ನಕ್ಕ. “ಎಲ್ರೂ ಬರ್ರಿ, ಬರ್ರಿ.”

ಡ್ಯೂಟಿ ಮುಗಿಸಿ ಬಂದ ಅಪ್ಪ ಲೆಕ್ಕ ನೋಡಿ ಹೌದೆಂದ. “ನಿನ್ನ ಮೊದಲ್ನೇ ಲೆಕ್ಕದ ಪೈಪಿನಾಗೆ ನೀರು ಹೆಂಗೆ ಹೋಗ್ತಿತ್ತಮ್ಮ?” ಎಂದು ರೇಗಿಸಿದ.

ಮರುದಿನ ಅವ್ವ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಶೀಟುಗಳ ಮೇಲೆ ಕುಳಿತು ದಾಟಿದಳು. ಅಜ್ಜಿ ಮೊಣಕಾಲುದ್ದ ನೀರಿಗೇ ಇಳಿದು ನಿಂತಿದ್ದಳು. ಅವ್ವ ಹರಿಗೋಲಿನಿಂದ ಇಳಿಯುವ ಮೊದಲೇ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಪ್ಪ ಊರವರನ್ನು ಕೂಡಿಕೊಂಡು ಮಧ್ಯಾಹ್ನದೊಳಗೆ ತಗಡು ಹೊದಿಸಿದ; ಕಾದ ತಗಡಿನ ಕೆಳಗೆ ಬೆವರುತ್ತ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಅಷ್ಟು ರುಚಿ ಮತ್ತೆ ಸಿಕ್ಕಿಲ್ಲ.

ಈಗ ಮೊಬೈಲಿಗೆ ಅಳತೆ ಕೊಟ್ಟರೆ ಪೈಪಿನ ತೂಕ ತಾನೇ ಹೇಳುತ್ತದೆ. ಆಚೆ ದಡಕ್ಕೆ ಡಾಂಬರು ರಸ್ತೆಯೂ ಆಗಿದೆ. ನನಗೆ ಮಾತ್ರ ಅಲ್ಲಿ ಯಾರೂ ಉಳಿದಿಲ್ಲ. ಆ ಮಳೆಗಾಲ ಮುಗಿಯುವ ಮೊದಲೇ ಅಜ್ಜಿ ಹೋದಳು. ಅವ್ವ ಅವಳನ್ನು ಜೀವಂತ ನೋಡಿದ್ದು ಅದೇ ಕೊನೆ. “ಅವತ್ತು ಹೋಗಿದ್ದು ಒಳ್ಳೇದಾತು ಕಣೇ” ಎಂದು ವರ್ಷಗಟ್ಟಲೆ ಹೇಳುತ್ತಲೇ ಇದ್ದಳು. ಈಗ ಹಾಗೆ ಹೇಳಲು ಅವಳೂ ಇಲ್ಲ.