ಅತ್ತಿಗೆ ಹುಡುಕಿದ ಎಣ್ಣೆಯ ದಾರಿ

ನಮ್ಮ ಗ್ಯಾರೇಜಿನಲ್ಲಿ ಎಂಜಿನ್ ಕೆಲಸ ನನ್ನದು, ವೈರಿಂಗ್ ಅತ್ತಿಗೆಯದು. ಈ ಗಡಿ ಹಾಕಿದವನು ನಾನೇ, ಅತ್ತಿಗೆ ಕೆಲಸಕ್ಕೆ ಬಂದ ಮೊದಲ ತಿಂಗಳಲ್ಲೇ, ಸ್ವಲ್ಪ ಜೋರು ದನಿಯಲ್ಲಿ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವರದು ಎಲ್ಲಿರುತ್ತದೋ, ಹದಿನಾಲ್ಕು ವರ್ಷ ಜೊತೆಗಿದ್ದರೂ ನನಗೆ ಸಿಕ್ಕಿಲ್ಲ. "ಆಯ್ತಪ್ಪಾ, ನಿನ್ನ ಎಂಜಿನ್ ನೀನೇ ಇಟ್ಕೋ. ನಂಗೆ ತಂತಿ ಸಾಕು" ಎಂದು ನಕ್ಕಿದ್ದರು.

ಮದುವೆಗೆ ಮುಂಚೆ ಅವರು ಹೊಲಿಗೆ ಮಾಡುತ್ತಿದ್ದವರು. ನನ್ನ ಅಣ್ಣ ಬಸ್ಸಿನ ಡ್ರೈವರ್, ಬೆಳಿಗ್ಗೆ ಹೋದರೆ ಸಂಜೆಯೇ ಮನೆಗೆ. ಹಾಗಾಗಿ ನನಗೆ ಮಧ್ಯಾಹ್ನದ ಊಟ ತಂದುಕೊಡುತ್ತಿದ್ದವರು ಅತ್ತಿಗೆ. ಒಂದು ದಿನ ನಮ್ಮ ಹಳೆಯ ಎಲೆಕ್ಟ್ರಿಷಿಯನ್ ನನ್ನ ಜೊತೆ ಜಗಳವಾಡಿ, ಲಾರಿಯೊಂದರ ತಂತಿಗಳನ್ನೆಲ್ಲ ನೇತಾಡಲು ಬಿಟ್ಟು ಎದ್ದು ಹೋದ. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಅತ್ತಿಗೆ ಊಟದ ಡಬ್ಬಿ ಕೆಳಗಿಟ್ಟು ತಂತಿಯ ಕಂತೆ ಹಿಡಿದುಕೊಂಡರು. "ಗಂಟಾದ ದಾರ ಬಿಡಿಸಿದ ಹಾಗೇ ಅಲ್ವಾ ಇದು?" ಅಂದರು. ಸಂಜೆಯೊಳಗೆ ಬಣ್ಣಕ್ಕೆ ಬಣ್ಣ ಹೊಂದಿಸಿಟ್ಟರು. ಉಳಿದದ್ದನ್ನು ಕೇಳಿ, ಓದಿ, ಎರಡು ಸಲ ಕೈ ಸುಟ್ಟುಕೊಂಡು ಕಲಿತರು. ಈಗ ಅವರ ಕೊರಳಲ್ಲಿ, ತಂತಿಯಲ್ಲಿ ಕರೆಂಟಿದೆಯೋ ಇಲ್ಲವೋ ತೋರಿಸುವ ಟೆಸ್ಟ್‌ಲ್ಯಾಂಪ್ ಯಾವಾಗಲೂ ನೇತಾಡುತ್ತಿರುತ್ತದೆ. ತಲೆ ನರೆತ ಡ್ರೈವರುಗಳೂ ಅವರನ್ನು 'ಟೆಸ್ಟ್‌ಲ್ಯಾಂಪ್ ಅತ್ತಿಗೆ' ಎಂದೇ ಕರೆಯುವುದು.

ಅವರದೊಂದು ಪದ್ಧತಿ. ಗಾಡಿ ಮುಟ್ಟುವ ಮುಂಚೆ ಡ್ರೈವರನ್ನು ಸ್ಟೂಲಿನ ಮೇಲೆ ಕೂರಿಸಿ ಎಲ್ಲವನ್ನೂ ಕೇಳಬೇಕು: ಮೊದಲು ನಿಂತದ್ದು ಎಲ್ಲಿ, ಏರಿನಲ್ಲೋ ಇಳಿಜಾರಿನಲ್ಲೋ, ಎಂಜಿನ್ ಬಿಸಿಯಾಗಿತ್ತೋ ತಣ್ಣಗಿತ್ತೋ. "ಪುರಾಣ ಮುಗೀತಾ ಅತ್ತಿಗೆ?" ಎಂದು ನಾನು ರೇಗಿಸುತ್ತಿದ್ದೆ. ಡ್ರೈವರುಗಳನ್ನು ಕೇಳಿದ ಮೇಲೆ ನನ್ನನ್ನೂ ಕೇಳುತ್ತಿದ್ದರು. ಎಡವಟ್ಟಾದದ್ದು ಅಲ್ಲಿಯೇ.

ಆರು ಬಸ್ಸುಗಳ ಯಜಮಾನರೊಬ್ಬರಿದ್ದಾರೆ. ಆರೂ ನಮ್ಮಲ್ಲಿಗೇ ಬರುತ್ತವೆ. ಅದರಲ್ಲೊಂದನ್ನು ಓಡಿಸುವುದು ನನ್ನ ಅಣ್ಣ. ಆ ಬಸ್ಸು ನಲವತ್ತು ಜನರನ್ನು ಹೊತ್ತು ಏರು ಹತ್ತುವಾಗ ಕೆಂಪು ದೀಪ ತೋರಿಸಿ, ಉಸಿರು ಬಿಟ್ಟು ನಿಂತಿತು. ಎಳೆದು ತಂದೆವು. ಅತ್ತಿಗೆ ಎಂಜಿನ್ನಿನ ಕಂಪ್ಯೂಟರ್ ಪೆಟ್ಟಿಗೆಯ, ತಂತಿಗೊಂದು ತೂತಿರುವ ದೊಡ್ಡ ಪ್ಲಗ್ ಬಿಚ್ಚಿದರೆ ಒಳಗೆಲ್ಲ ಎಣ್ಣೆ.

"ಇತ್ತೀಚೆಗೆ ಎಂಜಿನ್ ಕಡೆ ಏನಾದ್ರೂ ಬದಲಾಯಿಸಿದ್ಯಾ?" ಎಂದು ನನ್ನನ್ನು ಕೇಳಿದರು.

"ಏನೂ ಇಲ್ಲ" ಅಂದೆ.

ಅದು ಸುಳ್ಳು. ಎರಡು ತಿಂಗಳ ಹಿಂದೆ ಆ ಬಸ್ಸಿನ ಎಂಜಿನ್ ಎಣ್ಣೆಯ ಒತ್ತಡ ಅಳೆಯುವ ಆಯಿಲ್ ಪ್ರೆಶರ್ ಸೆನ್ಸರ್ ಕೆಟ್ಟಿತ್ತು. ಅಂಗಡಿ ಮುಚ್ಚಿತ್ತು, ಬಸ್ಸು ಬೆಳಿಗ್ಗೆ ಹೊರಡಬೇಕಿತ್ತು. ಹಿತ್ತಲಲ್ಲಿ ಗುಜರಿಗೆಂದು ಇಟ್ಟಿದ್ದ ಎಂಜಿನ್ನಿನಿಂದ ಒಂದು ಸೆನ್ಸರ್ ಬಿಚ್ಚಿ ಹಾಕಿದೆ. ನಾಳೆ ಹೊಸದು ಹಾಕಿದರಾಯಿತು ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ. ಅತ್ತಿಗೆ ಕೇಳಿದಾಗ ಅದು ತಟ್ಟನೆ ನೆನಪಾಯಿತು. ಆದರೆ ಸೆನ್ಸರ್ ಇರುವುದು ಎಂಜಿನ್ನಿನ ಬುಡದಲ್ಲಿ, ಪ್ಲಗ್ ಇರುವುದು ಎರಡು ಮಾರು ದೂರದಲ್ಲಿ, ಎತ್ತಣಿಂದೆತ್ತ ಸಂಬಂಧ? ಪಕ್ಕದಲ್ಲಿ ಯಜಮಾನರು ಬೇರೆ ಕೂತಿದ್ದರು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವವರು ಅಂತಾರಲ್ಲ, ಅದು ನನ್ನಂಥವರನ್ನು ನೋಡಿಯೇ ಹೇಳಿದ್ದು.

ಅತ್ತಿಗೆ ಎಣ್ಣೆ ತೊಳೆಯುವ ಸ್ಪ್ರೇ ಹೊಡೆದು, ಗಾಳಿ ಬಿಟ್ಟು ಒಣಗಿಸಿ ಪ್ಲಗ್ ಹಾಕಿದರು. ಬಸ್ಸು ಚೆನ್ನಾಗಿ ಓಡಿತು. ಮೂರು ವಾರಕ್ಕೆ ಮತ್ತೆ ನಿಂತಿತು. ಪ್ಲಗ್ಗಿನಲ್ಲಿ ಮತ್ತೆ ಎಣ್ಣೆ.

ಯಜಮಾನರು ಈ ಸಲ ಕೂರಲಿಲ್ಲ. "ಏನಮ್ಮಾ, ಬೇರೆ ವರ್ಕ್‌ಶಾಪಿನವ್ರನ್ನ ಕೇಳ್ದೆ. ಕಂಪ್ಯೂಟರೇ ಹೋಗಿದೆ, ಮುಟ್ಟಬಾರದವ್ರು ಮುಟ್ಟಿದಾರೆ ಅಂದ್ರು. ನಾಳೆ ಸಂಜೆವರೆಗೂ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಆರೂ ಬಸ್ಸಿನ ವೈರಿಂಗ್ ಅವ್ರಿಗೇ."

ಹದಿನಾಲ್ಕು ವರ್ಷ ದುಡಿದು ಗಳಿಸಿದ ಹೆಸರು ಒಂದು ಮಾತಿನಲ್ಲಿ ಹೋಗುವುದರಲ್ಲಿತ್ತು. ಆ ಯಜಮಾನರು ಬಿಟ್ಟರೆ ಉಳಿದವರೂ ಬಿಡುತ್ತಾರೆ. ಮುಟ್ಟಬಾರದವರು ಎಂದದ್ದು ನನಗೇ ಚುಚ್ಚಿತು, ಇನ್ನು ಅವರಿಗೆ ಹೇಗಾಗಿರಬೇಡ. ಅಣ್ಣನ ಪಾಡಂತೂ ಗಂಟಲಲ್ಲಿ ಬಿಸಿ ತುಪ್ಪ: ಈ ಕಡೆ ಹೆಂಡತಿ, ಆ ಕಡೆ ಧಣಿ. ಅತ್ತಿಗೆ ಮಾತ್ರ ಯಜಮಾನರ ಮುಖವನ್ನೇ ನೋಡಿ ಹೇಳಿದರು: "ಕಂಪ್ಯೂಟರ್ ಚೆನ್ನಾಗಿದೆ ಯಜಮಾನ್ರೇ. ತಪ್ಪು ನಂದೇ. ಎಣ್ಣೆ ಒರೆಸ್ದೆ, ಅದು ಬಂದಿದ್ದೆಲ್ಲಿಂದ ಅಂತ ಹುಡುಕ್ಲಿಲ್ಲ. ನಾಳೆ ಸಂಜೆಯೊಳಗೆ ತೋರಿಸ್ತೀನಿ."

ಬೆಳಿಗ್ಗೆ ಪ್ಲಗ್ಗನ್ನು ಮತ್ತೆ ತೊಳೆದು, ಒಣಗಿಸಿ, ಹಾಕಿದರು. ಅಣ್ಣನಿಗೆ ಖಾಲಿ ಬಸ್ಸನ್ನು ಎರಡು ಗಂಟೆ ಓಡಿಸಿಕೊಂಡು ಬರಲು ಹೇಳಿದರು. ಬಂದ ಕೂಡಲೇ ಪ್ಲಗ್ ಬಿಚ್ಚಿ, ಅದರ ಮುಖಕ್ಕೆ ಒಂದು ಬಿಳಿ ಕಾಗದ ಒತ್ತಿ ತೆಗೆದರು. ಅಷ್ಟು ತೂತುಗಳಲ್ಲಿ ಒಂದರದ್ದು ಮಾತ್ರ ಎಣ್ಣೆಯ ಚುಕ್ಕೆ ಮೂಡಿತ್ತು, ಸಾಸಿವೆ ಗಾತ್ರದ್ದು.

"ಹೊರಗಿಂದ ಬಿದ್ದಿದ್ರೆ ಎಲ್ಲಾ ತೂತಲ್ಲೂ ಇರ್ಬೇಕಿತ್ತು. ಇದು ತಂತಿ ಒಳಗಿಂದ ಬಂದಿದೆ" ಅಂದರು.

"ತಂತಿ ಒಳಗೆ ಎಣ್ಣೆ ಹೆಂಗೆ ಬರುತ್ತೆ ಅತ್ತಿಗೆ? ಏನು ಪೈಪಾ ಅದು?" ಎಂದು ನಾನು ನಕ್ಕೆ.

ಅವರು ಆ ತೂತಿನ ಹಳದಿ ತಂತಿಯನ್ನು ಹಿಡಿದು, ನಡುವೆ ಒಂದು ಕಡೆ ಸಿಪ್ಪೆ ಸುಲಿದು ಹಿಂಡಿದರು. ತಾಮ್ರದ ಎಳೆಗಳ ನಡುವಿನಿಂದ ಎಣ್ಣೆ ಜಿನುಗಿತು. "ದೀಪದ ಬತ್ತಿಗೆ ಎಣ್ಣೆ ಯಾರು ಏರಿಸ್ತಾರೆ? ತಾನೇ ಏರುತ್ತೆ" ಅಂದರು. ನನ್ನ ನಗು ಅಲ್ಲಿಗೇ ನಿಂತಿತು. ಆ ಹಳದಿ ತಂತಿ ಎಲ್ಲಿಗೆ ಹೋಗುತ್ತದೆಂದು ಅವರಿಗಿಂತ ಮೊದಲೇ ನನಗೆ ಗೊತ್ತಾಗಿತ್ತು.

ಅತ್ತಿಗೆ ಗೇಣುಗೇಣಾಗಿ ತಂತಿ ತಡವುತ್ತ ಎಂಜಿನ್ನಿನ ಬುಡಕ್ಕೆ ಬಂದು ಸೆನ್ಸರಿನ ಪ್ಲಗ್ ಎಳೆದರು. ಎಣ್ಣೆ ಅವರ ಮಣಿಕಟ್ಟಿನ ಮೇಲೆ ಸುರಿಯಿತು. ಸೆನ್ಸರ್ ಹೊರಗೆ ಒಣಗಿತ್ತು, ಆದರೆ ಒಳಗೊಳಗೇ ಒಡೆದು, ತನ್ನ ಪಿನ್ನಿನ ಮೂಲಕ ಎಣ್ಣೆಯನ್ನು ತಂತಿಗೆ ಕುಡಿಸುತ್ತಿತ್ತು. "ಇದು ನಿನ್ನ ಕಡೆಯದು, ನೀನೇ ಬಿಚ್ಚಪ್ಪಾ" ಎಂದು ಪಕ್ಕಕ್ಕೆ ಸರಿದರು. ನಾನು ಬಿಚ್ಚಿ ಕೊಟ್ಟೆ.

ಯಜಮಾನರು ನಾಲ್ಕು ಗಂಟೆಗೆ ಬಂದರು. ಅತ್ತಿಗೆ ಕಾಗದ, ತಂತಿ, ಸೆನ್ಸರ್ ಮೂರನ್ನೂ ಬೆಂಚಿನ ಮೇಲಿಟ್ಟು ವಿವರಿಸಿದರು. ಯಜಮಾನರು ಸೆನ್ಸರನ್ನು ತಿರುಗಿಸಿ ನೋಡಿದರು. "ಇದು ತುಕ್ಕು ಹಿಡಿದ ಹಳೇ ಮಾಲು. ಯಾರು ಹಾಕಿದ್ದು?"

ಅತ್ತಿಗೆ ಬಟ್ಟೆಯಲ್ಲಿ ಕೈ ಒರೆಸುತ್ತಿದ್ದರು. ನನ್ನ ಕಡೆ ನೋಡಲಿಲ್ಲ. ನುಣುಚಿಕೊಳ್ಳಲು ನನಗೊಂದು ಸಲೀಸಾದ ದಾರಿಯಿತ್ತು. ಆ ಬಸ್ಸನ್ನು ಯಜಮಾನರು ಕೊಂಡದ್ದೇ ಸೆಕೆಂಡ್ ಹ್ಯಾಂಡ್. ಮೊದಲಿನವರು ಹಾಕಿರಬೇಕು ಎಂದಿದ್ದರೆ ನಂಬುತ್ತಿದ್ದರು. ಆ ಮಾತು ನಾಲಿಗೆಯವರೆಗೂ ಬಂದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಅತ್ತಿಗೆ ಬೈಸಿಕೊಂಡಿದ್ದರು, ಜ್ವರ ನನ್ನದಾಗಿತ್ತು. ನನಗೆ ನಾಚಿಕೆಯಾಯಿತು, ಕಿವಿ ಬಿಸಿಯಾಗುವಷ್ಟು.

"ನಾನೇ ಹಾಕಿದ್ದು ಯಜಮಾನ್ರೇ. ಗುಜರಿದು. ಅತ್ತಿಗೆ ಕೇಳಿದಾಗ ಏನೂ ಬದಲಾಯಿಸಿಲ್ಲ ಅಂತ ಸುಳ್ಳೂ ಹೇಳ್ದೆ. ಅವ್ರ ಕೈಯಲ್ಲಿ ತಪ್ಪಿಲ್ಲ."

ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ಮುಟ್ಟಬಾರದವ್ರು ಅಂದಿದ್ದನ್ನ ಹೊಟ್ಟೆಗೆ ಹಾಕ್ಕೊಳಮ್ಮಾ" ಅಂದರು. "ಇನ್ಮೇಲೆ ಇವ್ನು ಮಾಡಿದ ಎಂಜಿನ್ ಕೆಲಸಾನೂ ನೀನು ನೋಡಿ ಸೈ ಅಂದ್ಮೇಲೇ ನನ್ನ ಬಸ್ಸು ಹೊರಡ್ಬೇಕು." ಹದಿನಾಲ್ಕು ವರ್ಷದ ಗಡಿ ಅಲ್ಲಿಗೆ ಅಳಿಸಿಹೋಯಿತು.

ಹೊಸ ಸೆನ್ಸರ್ ನಾನು ಹಾಕಿದೆ. ಎಣ್ಣೆ ಕುಡಿದ ತಂತಿಯನ್ನು ಅತ್ತಿಗೆ ಪೂರ್ತಿ ಕಿತ್ತು ಹೊಸದನ್ನು ಎಳೆದರು. ಮತ್ತೊಮ್ಮೆ ಸೆನ್ಸರ್ ಒಡೆದರೂ ಎಣ್ಣೆ ಮುಂದೆ ಹೋಗದಿರಲಿ ಎಂದು ನಡುವೆ ಬೆಸುಗೆ ಹಾಕಿ ಎಳೆಗಳ ಸಂದು ಮುಚ್ಚಿದರು. ಅದಾಗಿ ವರ್ಷ ಕಳೆದಿದೆ, ಆ ಪ್ಲಗ್ಗಿಗೆ ಕಾಗದ ಒತ್ತಿದರೆ ಕಾಗದ ಬೆಳ್ಳಗೇ ಬರುತ್ತದೆ.

ಯಜಮಾನರು ಬಂದುಹೋದ ಆ ಸಂಜೆ ನಲ್ಲಿಯ ಹತ್ತಿರ ಇಬ್ಬರೂ ಕೈ ತೊಳೆಯುತ್ತಿದ್ದೆವು. "ಸೆನ್ಸರ್ ಹಾಕಿದ್ದು ನಾನು ಅಂತ ನಿಮ್ಗೆ ಗೊತ್ತಿತ್ತಾ ಅತ್ತಿಗೆ?" ಎಂದು ಕೇಳಿದೆ.

"ನಾನು ತಂತಿ ತಡವೋಕೆ ಮುಂಚೆನೇ ನಿನ್ನ ಕಣ್ಣು ಆ ಸೆನ್ಸರ್ ಮೇಲಿತ್ತಲ್ಲಪ್ಪಾ."

"ಮತ್ತೆ ಯಜಮಾನ್ರು ಕೇಳ್ದಾಗ ನೀವೇ ಹೇಳ್ಬಹುದಿತ್ತಲ್ಲಾ? ನಾನು ಹೇಳ್ತೀನಿ ಅಂತ ಅಷ್ಟು ನಂಬಿಕೆನಾ?"

"ಇರ್ಲಿಲ್ಲ" ಅಂದರು, ಉಗುರಿನ ಸಂದಿಯ ಕಪ್ಪು ತೆಗೆಯುತ್ತ. "ನೀನು ಬಾಯಿ ಬಿಡದೆ ಹೋಗಿದ್ರೆ ನಾಳೆಯಿಂದ ನಾನು ಗ್ಯಾರೇಜಿಗೆ ಬರ್ತಿರ್ಲಿಲ್ಲ. ನಿಮ್ಮಣ್ಣಂಗೆ ಮಧ್ಯಾಹ್ನಾನೇ ಹೇಳಿಟ್ಟಿದ್ದೆ. ಮತ್ತೆ ಹೊಲಿಗೆ ಮಿಷಿನ್ನು ಅಟ್ಟದಿಂದ ಇಳಿಸ್ಕೊಡಿ ಅಂತ."

ನನಗೆ ಅಳು ಬಂತು. ಸೋಪು ಕಣ್ಣಿಗೆ ಹೋಯಿತು ಅಂದೆ. ಅತ್ತಿಗೆ ನಂಬಿದವರ ಹಾಗೆ ಟವೆಲ್ ಕೊಟ್ಟರು.