ಹಿತ್ತಾಳಿ ಪಟ್ಟಿಯೊಳಗಿನ ಹೊರಸು

ಹಳೇ ಬಂದೂಕಿನ ಫೋಟೋ ಮನ್ಯಾಗ, ಇದ್ದ ಸಾಮಾನಿನ್ಯಾಗ, ಚಂದಂಗ ತಗಿಯೂದು ಹೆಂಗ ಅಂತ ಯಾರರ ಕೇಳಿದ್ರ, ನಾ ಕುಂತು ಪಾಠಾ ಹೇಳೂವಷ್ಟು ಕಲತೇನಿ. ಆದ್ರ ಯಾರಿಗೂ ಹೇಳೂದಿಲ್ಲ. ಅದು ನೆನಪಾದ್ರ ಸಾಕು, ನನ್ನ ಮಾರಿ ಬಿಸಿ ಆಗ್ತೈತಿ.

ಬಂದೂಕು ನಮ್ಮ ಮಾವನವರ ಅಪ್ಪಂದು. ಅವರು ಹಳಿಯಾಳದ ಹತ್ರ ಹೊಲಾ ಮಾಡ್ತಿದ್ದಾಗ ಹಂದಿ ಕಾಯಾಕ ಇಟ್ಟದ್ದು. ನಳಗಿ ಬಾಯಾಗ ಮದ್ದು ಸುರುವಿ, ಗಜದ ಕೋಲಿನಲೆ ಜಡಿಯೂ ಕಾಲದ್ದು. ಲೈಸೆನ್ಸು ಈಗ ನಮ್ಮ ಮನಿಯವರ ಹೆಸರಿನ ಮ್ಯಾಲೆ ಐತಿ. ಚುನಾವಣಿ ಬಂದಾಗ ಬಂದೂಕು ದಾಂಡೇಲಿ ಠಾಣೇಕ್ಕ ಹೋಗಿ ಕುಂದರ್ತೈತಿ, ಚುನಾವಣಿ ಮುಗದ ಮ್ಯಾಲೆ ತಿರುಗಿ ಬರ್ತೈತಿ. ವರ್ಷಕ್ಕೊಮ್ಮೆ ದಸರಾದಾಗ ಖಂಡೇ ಪೂಜಿ ದಿನ ಕುಂಕುಮಾ ಹಚ್ಚಿಸಿಕೊಂಡು ಮತ್ತ ಟ್ರಂಕಿನ್ಯಾಗ ಮಲಗ್ತೈತಿ. ಅದರ ಸಂಸಾರ ಇಷ್ಟ.

ನಮ್ಮ ಮನ್ಯಾಗ ಇನ್ನೊಂದು ಸಂಗತಿ ಇತ್ತು, ಅದನ್ನ ಮಾತ್ರ ನಾವು ಊರಿಗೆ ಕಾಣಸದಂಗ ಇಟ್ಟಿದ್ವಿ. ನಮ್ಮ ಅತ್ತಿಗೆ, ಅಂದ್ರ ನಮ್ಮ ಮನಿಯವರ ಅವ್ವಗ, ಮರವು ಬಂದೈತಿ. ಬರೇ ಮರವು ಆಗಿದ್ರ ನಡೀತಿತ್ತು. ಹೊತ್ತು ಇಳಿಯಾಕ ಹತ್ತಿದ್ರ ಆಕಿಗೆ ಎಮ್ಮಿ ನೆನಪಾಗ್ತಾವ. ಮೇಯಾಕ ಹೋದ ಎಮ್ಮಿ ಮನಿಗೆ ಬಂದಿಲ್ಲ ಅಂತ ಎದ್ದು ಹೊಂಟಬಿಡ್ತಾಳ. ಎಮ್ಮಿ ಮಾರಿ ಎಷ್ಟು ಕಾಲ ಆತೋ ಏನೋ. ನಮ್ಮ ಓಣಿ ಮುಗದಲ್ಲಿ ಕಾಳಿ ಹೊಳಿ. ಒಂದು ಸಂಜೀಕ ಗ್ಯಾರೇಜಿನ ಮೇಸ್ತ್ರಿ ಸಾಬರು ಆಕಿ ಕೈ ಹಿಡಕೊಂಡು ಬಾಗಲಕ್ಕ ತಂದು ಬಿಟ್ರು. "ಭಾಬಿ, ಅಜ್ಜಿ ನೀರಿನ ದಂಡಿಗೆ ನಿಂತಿದ್ರು. ಆಚೀ ಕಡೆ ಬಂಡಿಗಲ್ಲಿನ ಮ್ಯಾಲೆ ಮೊಸಳಿ ಮಲಗಿತ್ತು," ಅಂದ್ರು. ನನಗ ಅವರಿಗೆ ಚಾ ಕುಡೀರಿ ಅನ್ನೂದೂ ಹೊಳೀಲಿಲ್ಲ.

ಮರುದಿನದಿಂದ, ಅಡಗಿಮನ್ಯಾಗ ಇದ್ದಾಗ, ಜಳಕಕ್ಕ ಹೋದಾಗ, ಆಕೀದ ಒಂದು ಹಳೇ ಇಳಕಲ್ಲ ಸೀರಿ ಹರದು, ಆಕಿ ಕಾಲಿಗೆ ಹಾಕಿ, ಆಕಿ ಮಲಗೂ ಹೊರಸಿಗೆ ಕಟ್ಟಾಕ ಸುರು ಮಾಡಿದೆ. ಮೆತ್ತಗಿನ ಬಟ್ಟಿ, ಸಡಲ ಗಂಟು. ಜೀರುಗುಣಿಕಿ ಅಲ್ಲ, ಅದು ಜಗ್ಗಿದಷ್ಟು ಬಿಗೀತೈತಿ. ಇಷ್ಟೆಲ್ಲಾ ನೋಡಿ ಹಾಕಿದ್ರೂ ಕಟ್ಟಿದ್ದು ಕಟ್ಟಿದ್ದ. ನಮ್ಮ ಮನಿಯವರು ಆ ಗಂಟು ಒಂದು ಸಲಾನೂ ಹಾಕಿಲ್ಲ. ಡ್ಯೂಟಿಗೆ ಹೋಗೂವಾಗ ಹೊರಸಿನ ಕಡೆ ನೋಡದನ ಚಪ್ಪಲಿ ಮೆಟ್ಟಿಕೊಂಡು ಹೋಗ್ತಾರ. ಆ ಕೆಲಸ ನಂದು. ಸೊಸಿ ಅತ್ತೀನ ಕಟ್ಟಿ ಹಾಕ್ಯಾಳ ಅಂದ್ರ ಮಂದಿ ನನ್ನ ಹೆಸರ ಹಿಡದು ಉಗೀತಾರ, ಅವರದಲ್ಲ. ಅದಕ್ಕ ಬೀಗರು ಬಂಧುಗಳು ಬಂದಾಗ ಸೀರಿ ತುಂಡು ದಿಂಬಿನ ಕೆಳಗ ಹೋಗತಿತ್ತು, ನಾ ನಗಾಡ್ಕೊಂತ ಚಾ ಕೊಡತಿದ್ದೆ.

ಇಂಥಾದ್ರಾಗ ಫೋಟೋದ ಹುಚ್ಚು ಎಲ್ಲಿಂದ ಬಂತು ಅಂದ್ರ, ನನ್ನ ಸಿಟ್ಟಿನಿಂದ. ನಮ್ಮ ಮನಿಯವರು ಪೇಪರ್ ಮಿಲ್ಲಿನ್ಯಾಗ ಫಿಟ್ಟರ್. ಹಳೇ ಬಂದೂಕು ಇಟ್ಟವರದು ಒಂದು ವಾಟ್ಸಾಪ್ ಗ್ರೂಪ್ ಐತಿ, ಅದರಾಗ ಸೇರ್ಯಾರ. ಬೆಳಗಾಂವಿ ಧಾರವಾಡದ ಮಂದಿ ಅಲ್ಲೆ ತಮ್ಮ ತಮ್ಮ ಬಂದೂಕು ಹಾಕಿ ಮೆರೀತಾರ. ಇವರೂ ನಮ್ಮದೊಂದು ಹಾಕಿದ್ರು. ಟ್ಯೂಬ್‌ಲೈಟಿನ ಕೆಳಗ, ಹೂವಿನ ಚಾದರದ ಮ್ಯಾಲೆ, ಫ್ಲ್ಯಾಶ್ ಹೊಡದು. ಅದಕ್ಕ ಯಾವನೋ ಒಬ್ಬ, "ಇದು ಬಂದೂಕೋ ಒನಕಿಯೋ?" ಅಂತ ಬರದಿದ್ದ. ಇವರು ಹಲ್ಲು ಕಿಸದು ಬಿಟ್ರು. ನಮ್ಮ ಮನಿ ವಸ್ತುಕ್ಕ ಒನಕಿ ಅನ್ನಾಕ ಅವನ್ಯಾರು?

ಖಂಡೇ ಪೂಜಿ ಹತ್ರ ಬಂದಿತ್ತು. ಫೋನಿನ್ಯಾಗ ಅಲ್ಲಿ ಇಲ್ಲಿ ನೋಡಿ, ಉಳದದ್ದು ಕೈಲೆ ಮಾಡಿ ಕೆಡಿಸಿ ಕಲತೆ. ಮೊದಲ ಗಜ ಇಳಿಸಿ, ಅದು ತಳಕ್ಕ ಬಡದು ಠಣ್ ಅನ್ನೂದು ಕೇಳಿ, ಒಳಗ ಏನೂ ಇಲ್ಲಂತ ಇವರು ಖಾತ್ರಿ ಮಾಡಿ ಕೊಟ್ರು. ಫ್ಲ್ಯಾಶ್ ಬಂದ್. ಬೆಳಕು ಕಿಡಕಿಯಿಂದ ಬರಬೇಕು, ಅದೂ ಬಿಸಲು ಬೀಳದ ಕಿಡಕಿಯಿಂದ. ಕಿಡಕಿಗೆ ಮಾವನವರ ಬಿಳೇ ದೋತರ ಕಟ್ಟಿದೆ, ಬೆಳಕು ಹಾಲು ಸೋಸಿದಂಗ ಮೆತ್ತಗ ಆತು. ಮಿಲ್ಲಿನ ದಪ್ಪ ಬಿಳೇ ಹಾಳಿ ಮನ್ಯಾಗಿತ್ತು, ಅದನ್ನ ಹಾಸಿ ನೋಡಿದ್ರ ಬಂದೂಕು ಕರ್ರಗ ಇದ್ದಿಲಾತು. ಹಾಳಿ ತಗದು ಕಂಬಳಿ ಹಾಸಿದೆ. ಆವಾಗ ನೋಡ್ರಿ, ಕಟ್ಟಿಗಿ ಎಳಿ ಎಳಿಯಾಗಿ ಎದ್ದು ಬಂತು. ನೆರಳು ಬಿದ್ದ ಕಡೆ ಟಿವಿ ಡಬ್ಬಿಯೊಳಗಿನ ಥರ್ಮಾಕೋಲು ನಿಲ್ಲಿಸಿದೆ, ನೆರಳು ತಿಳಿ ಆತು. ಕೈ ನಡುಗತಾವಂತ ಫೋನು ಹಿಟ್ಟಿನ ಡಬ್ಬಿಗೆ ಆನಿಸಿ, ಟೈಮರ್ ಇಟ್ಟು ದೂರ ಸರದೆ. ಬೆರಳಿನ ಗುರ್ತು ಬೀಳಬಾರದಂತ ಹಳೇ ಬನೀನಿನಲೆ ಹಿಡಕೊಂಡು ತಿರುವತಿದ್ದೆ. ಒಂದು ಪೈಸಾ ಖರ್ಚಿಲ್ಲ.

ಒಂದ ಒಂದು ಸ್ವಂತ ಶ್ಯಾಣ್ಯಾತನ ಮಾಡಿದೆ. ಹಿಡಿ ತುದಿಗೆ ಅಂಗೈಯಷ್ಟು ಹಿತ್ತಾಳಿ ಪಟ್ಟಿ ಐತಿ, ಮಸಿ ಹಿಡದು ಕಂದು ಬಣ್ಣ ಆಗಿತ್ತು. ಹಳೇ ವಸ್ತು ಇಟ್ಟವರು ಅಂಥಾದನ್ನ ತಿಕ್ಕಬಾರದು ಅಂತಾರಂತ, ಹಳೇತನಕ್ಕ ಅದ ಶೋಭಾ ಅಂತ. ನನಗೇನು ಗೊತ್ತು. ಹಬ್ಬ ಬಂತಂದ್ರ ಮನ್ಯಾಗಿನ ಹಿತ್ತಾಳಿಗೆಲ್ಲಾ ಹುಣಸಿಹಣ್ಣು ಹಚ್ಚಿ ತಿಕ್ಕೂದು ನಮ್ಮ ಪದ್ಧತಿ. ದೀಪಾ ತಿಕ್ಕಿದೆ, ಆರತಿ ತಾಟು ತಿಕ್ಕಿದೆ, ಅದರ ಸಂಗಾಟ ಬಂದೂಕಿನ ಪಟ್ಟೀನೂ ತಿಕ್ಕಿದೆ. ಕನ್ನಡಿ ಆತು. ಅದರದ ಒಂದು ಹತ್ತಿರದ ಫೋಟೋ ತಗದು, ನನ್ನ ಬೆನ್ನು ನಾನ ತಟ್ಟಿಕೊಂಡೆ.

ಹಬ್ಬದ ದಿನ ಇವರು ಅವೆಲ್ಲಾ ಫೋಟೋ ಬಂದೂಕಿನ ಗ್ರೂಪಿಗೂ ಹಾಕಿದ್ರು, ನಮ್ಮ ಮನೆತನದ ಗ್ರೂಪಿಗೂ ಹಾಕಿದ್ರು. ಒನಕಿ ಅಂದವ "ಭಾರಿ ಬಂದೈತ್ರಿ" ಅಂದ. ನಾ ಹೋಳಿಗಿ ಬೇಯಿಸ್ಕೊಂತ ನಿಮಿಷಕ್ಕೊಮ್ಮೆ ಫೋನು ನೋಡತಿದ್ದೆ. ಹಿಗ್ಗಿನಾಗ ಹಂಚಿನ ಮ್ಯಾಲಿಂದು ಹೊತ್ತಿದ್ದೂ ತಿಳೀಲಿಲ್ಲ.

ಆಮ್ಯಾಲೆ ಮನೆತನದ ಗ್ರೂಪಿನ್ಯಾಗ ನಮ್ಮ ನಾದಿನಿಯಿಂದ ಒಂದು ಬಂತು. ಈಕಿ ನಮ್ಮ ಮನಿಯವರ ಅಕ್ಕ, ಮುಂಡಗೋಡದ ಕಡೆ ಪಾಳಾ ಅನ್ನೂ ಊರಿಗೆ ಕೊಟ್ಟಾರ. ಹಿತ್ತಾಳಿ ಪಟ್ಟಿ ಫೋಟೋ ದೊಡ್ಡದು ಮಾಡಿ, ಒಂದು ಕಡೆ ಕೆಂಪಂದು ಗೆರಿ ಸುತ್ತಿ ಕಳಿಸಿದ್ಲು. ಕೆಳಗ ಒಂದ ಮಾತು, "ಅವ್ವನ ಕಾಲಿಗೆ ಏನ ಐತಿ?"

ನಾ ನೋಡಿದೆ. ಕನ್ನಡಿಯಾದ ಪಟ್ಟಿಯೊಳಗ ನಮ್ಮ ಪಡಸಾಲಿ ಡೊಂಕಾಗಿ, ಸಣ್ಣದಾಗಿ ಕುಂತಿತ್ತು. ಹೊರಸು, ಹೊರಸಿನ ಮ್ಯಾಲೆ ಬಿಳೇ ತಲಿ, ಕೆಳಗ ಇಳಿಬಿಟ್ಟ ಕಾಲು, ಆ ಕಾಲಿಂದ ಹೊರಸಿನ ಕಾಲಿಗೆ ಎಳದ ಕೆಂಪು ಸೆರಗಿನ ತುಂಡು. ಅಷ್ಟು ಚೊಕ್ಕ ಫೋಟೋ ತಗದವಳು ನಾನ. ಗ್ರೂಪಿನ್ಯಾಗ ಎಲ್ಲಾರೂ ನೋಡಿದ್ದು ಕಾಣತಿತ್ತು, ಒಬ್ಬರೂ ಏನೂ ಬರೀಲಿಲ್ಲ. ಬೈದಿದ್ರ ತಿರುಗಿ ಬೈತಿದ್ದೆ, ನನ್ನ ಬಾಯಿ ಏನು ಸಣ್ಣದಲ್ಲ. ಸುಮ್ಮನಿದ್ದದ್ದಕ್ಕ ನಾ ಹಿಡಿಯಾಗಿ ಹೋದೆ. ಇವರಿಗೆ ತೋರಿಸಿದ್ರ, ಇವರು ಫೋನು ಬೋರಲ ಇಟ್ಟು ಹೊರಗ ಹೋಗಿ ನಿಂತ್ರು.

ಮರುದಿನ ಮಧ್ಯಾಹ್ನಕ್ಕ ನಾದಿನಿ ಬಂದ್ಲು. ಹಬ್ಬದ ಗದ್ದಲದಾಗ ಎರಡು ಬಸ್ಸು ಬದಲಿ ಮಾಡಿ, ನಿಂತ ಬಂದಿದ್ಲು. ಬೈತಾಳ ಅಂತ ನಾ ಸೆರಗು ಬಿಗದು ತಯಾರ ನಿಂತಿದ್ದೆ. ಬೈಲಿಲ್ಲ. ನಾ ಕೊಟ್ಟ ನೀರು ಮುಟ್ಟಲಿಲ್ಲ. ಸೀದಾ ಹೊರಸಿನ ಹತ್ರ ಹೋಗಿ, ಕೆಳಗ ಕುಂತು, ಗಂಟು ಬಿಚ್ಚಿದ್ಲು. ಕಾಲು ತಿಕ್ಕಿದ್ಲು. ಕಾಲಿಗೆ ಏನೂ ಆಗಿರಲಿಲ್ಲ, ಆದ್ರೂ ತಿಕ್ಕತಿದ್ಲು.

"ನಾ ಇರೂತನಕ ಯಾರೂ ಕಟ್ಟಬ್ಯಾಡ್ರಿ," ಅಂದ್ಲು ಗ್ವಾಡಿ ಕಡೆ ನೋಡ್ಕೊಂತ. "ಎಮ್ಮೀನೂ ಹೊಟ್ಟಿ ತುಂಬಿದ ಮ್ಯಾಲೆ ಬಿಚ್ಚಿ ಬಿಡ್ತಾರ."

"ಹಂಗಾದ್ರ ಪಾಳಾಕ್ಕ ಕರಕೊಂಡು ಹೋಗ್ರಿ ಅಕ್ಕಾ," ಅಂತ ನನ್ನ ಬಾಯಿಂದ ಬಂದುಬಿಟ್ಟಿತು. ಆಕಿ ತಿರುಗಿ ನನ್ನ ಮಾರಿ ನೋಡಿದ್ಲು, ಮತ್ತ ಕಾಲು ತಿಕ್ಕಾಕ ಹತ್ತಿದ್ಲು. ಆಕಿ ಮನಿ ಆಕಿ ಕೈಯಾಗಿಲ್ಲ, ಮಗ ಸೊಸಿ ಕೈಯಾಗ ಐತಿ. ಅದು ನನಗ ಗೊತ್ತಿತ್ತು. ಗೊತ್ತಿದ್ದ ಅಂದಿದ್ದೆ.

ಆಮ್ಯಾಲೆ ಆಕಿ ಅವ್ವನ ಬಿಟ್ಟು ಅಲುಗಾಡಲಿಲ್ಲ. ಉಣಿಸಿದ್ಲು, ಹೇನು ನೋಡಿದ್ಲು, ಸಣ್ಣಂದಿನ ಮಾತು ತಗದು ನಗಿಸಿದ್ಲು. ಅತ್ತಿ ನಕ್ಕದ್ದು ನೋಡಿ ನನಗ ಇನ್ನಷ್ಟು ನಾಚಿಕಿ ಆತು. ನನ್ನ ಕೈಯಾಗ ಆಕಿ ನಕ್ಕು ಭಾಳ ದಿನ ಆಗಿತ್ತು. ಹಿಂಗೂ ಇಟ್ಕೋಬಹುದಲ್ಲಾ, ನಾನ ಕಟುಕಿ ಇದ್ದೇನಿ ಅನ್ನಿಸಿತು.

ಅದರ ಮರುದಿನ ಉಂಡ ಮ್ಯಾಲೆ ನಾದಿನಿಗೆ ಜರಾ ಕಣ್ಣು ಹತ್ತಿತು. ನಾ ಹಿತ್ತಲದಾಗ ಅರಬಿ ಒಗೀತಿದ್ದೆ. ಬಂದು ನೋಡಿದ್ರ ಹೊರಸು ಖಾಲಿ, ಬಾಗಲಾ ತೆರದೈತಿ. ಫೋಟೋ ತಗದ ಮ್ಯಾಲೆ ಬಂದೂಕು ಟ್ರಂಕಿಗೆ ಹೋಗಿತ್ತು, ಗಜದ ಕೋಲು ಮಾತ್ರ ಮೂಲ್ಯಾಗ ಮರತು ಉಳದಿತ್ತು. ಅದೂ ಇರಲಿಲ್ಲ.

ನಾ ಹೊಳಿ ಕಡೆ ಓಡಿದೆ. ನಾದಿನಿ ನನ್ನ ಹಿಂದ. ಆಕಿಗೆ ಮೊಣಕಾಲು ಬ್ಯಾನಿ, ದಾರಿ ನಡುವ ಕುಂತುಬಿಟ್ಲು. ಅಲ್ಲಿಂದನ, "ಅವ್ವಾ, ಏ ಅವ್ವಾ," ಅಂತ ಕೂಗತಿದ್ಲು. ಅತ್ತಿ ಮೊಣಕಾಲ ಮಟ ನೀರಾಗ ನಿಂತು, ಗಜ ಬೀಸಿ, ನಡು ಹೊಳಿಯಾಗಿನ ಬಂಡಿ ಕಡೆ "ಹೋ, ಹೋ, ಬಾ" ಅಂತ ಎಮ್ಮಿ ಕರೀತಿದ್ಲು. ಬಂಡಿ ಮ್ಯಾಲೆ ಮಲಗಿದ್ದು ಎಮ್ಮಿ ಅಲ್ಲ. ನಾ ನೀರಿಗೆ ಇಳದು ಆಕಿ ನಡಾ ಹಿಡದು ಎಳದೆ. ಅದು ಬಂಡಿ ಬಿಟ್ಟು ನೀರಿಗೆ ಸರದ ಸಪ್ಪಳ ಬೆನ್ನ ಹಿಂದ ಕೇಳಿತು. ತಿರುಗಿ ನೋಡೂ ಧೈರ್ಯ ಆಗಲಿಲ್ಲ. ಅತ್ತಿ ನನ್ನ ಕೈಗೆ ಗಜದಲೆ ಹೊಡೀತಿದ್ಲು, ಎಮ್ಮಿ ಹೋಗಿಬಿಡ್ತಾವ ಬಿಡು ಅಂತ.

ಮನಿಗೆ ಬಂದ್ವಿ. ನಾದಿನಿ ಬಿಸಿನೀರು ತಂದು ಅವ್ವನ ಕಾಲಿನ ರಾಡಿ ತೊಳದ್ಲು, ಒರಸಿದ್ಲು. ಆಮ್ಯಾಲೆ ದಿಂಬಿನ ಕೆಳಗ ಕೈ ಹಾಕಿ ಸೀರಿ ತುಂಡು ತಗದು ನನ್ನ ಮುಂದ ಹಿಡದ್ಲು.

"ಗಂಟು ಹೆಂಗ ಹಾಕ್ತಿ, ತೋರಸು," ಅಂದ್ಲು.

ತೋರಿಸಿದೆ. ಒಳಗ ಬೆರಳು ಹೋಗೂವಷ್ಟು ಸಡಲ ಇರಬೇಕು, ಮಲಗಿದ್ರೂ ಒತ್ತಬಾರದು, ಆಕಿಗೆ ಕೈ ಎಟಗದಂಗ ಇರಬೇಕು ಅಂತ ಹೇಳಿದೆ. ಹೇಳೂವಾಗ ನನ್ನ ದನಿ ನನಗ ಹೇಸಿಕಿ ಆತು, ಸೊಸಿಗೆ ಅಡಗಿ ಕಲಿಸಿದಂಗ ಹೇಳತಿದ್ದೆ. ಆಕಿ ತಾನ ಹಾಕಿದ್ಲು. ಮೊದಲ ಸಲ ತಪ್ಪಿತು, ಬಿಚ್ಚಿ ಮತ್ತ ಹಾಕಿದ್ಲು. ಅತ್ತಿ ಮಗಳ ತಲಿ ಮ್ಯಾಲೆ ಕೈ ಇಟ್ಕೊಂಡು ಕುಂತಿದ್ಲು.

ಮುಂಜಾನೆ ಊರಿಗೆ ಹೊಂಡೂ ಮೊದಲ ನಾದಿನಿ ಹೇಳಿದ್ಲು, "ಆ ಫೋಟೋ ತಗದುಬಿಡು. ಇನ್ನೊಂದು ತಗದು ಹಾಕು, ಏನೂ ಕಾಣಬಾರದು."

ಕಂಬಳಿ ಹಾಸಿದೆ, ಥರ್ಮಾಕೋಲು ನಿಲ್ಲಿಸಿದೆ. ಹೊಳಪಿನ ವಸ್ತುವಿನ ಮುಂದ ಏನ ಇರತೈತಿ ಅದ ಅದರಾಗ ಮೂಡ್ತೈತಿ, ಅದಕ್ಕ ಮುಂದ ಬರೇ ಬಿಳೇದು ಹಿಡೀಬೇಕು. ಇದೊಂದು ಪಾಠಾ ನಾ ಕಲಿಯೂದು ಉಳದಿತ್ತು. ನಾದಿನಿ ಕಿಡಕಿಯ ದೋತರ ಬಿಚ್ಚಿಕೊಂಡು ಹೊರಸಿಗೆ ಬೆನ್ನು ಮಾಡಿ ನಿಂತು, ಎರಡೂ ಕೈಲೆ ಎತ್ತಿ ಹಿಡದ್ಲು. "ಈಗ ಕಾಣ್ತೈತೇನು?" ಅಂದ್ಲು ಹಿಂದಿಂದ.

"ಇಲ್ರಿ ಅಕ್ಕಾ."

"ಬರೋಬ್ಬರಿ ನೋಡು."

"ಕಾಣಂಗಿಲ್ರಿ."

ಹೊಸಾ ಫೋಟೋ ಗ್ರೂಪಿಗೆ ಹೋತು. ಅದರ ಕೆಳಗ ಆಕೀನ ಬರದ್ಲು, "ನನ್ನ ಕಣ್ಣು ತಪ್ಪಿತ್ತು. ಅದು ಹೊರಸು ಹೆಣದ ನವಾರದ ಪಟ್ಟಿ. ಅವ್ವ ಆರಾಮ ಅದಾಳ, ನಾ ಕಣ್ಣಾರೆ ನೋಡಿ ಬಂದೆ." ಅಲ್ಲೀಮಟ ಬಾಯಿ ಮುಚ್ಚಿಕೊಂಡಿದ್ದವರೆಲ್ಲಾ ಒಬ್ಬರ ಹಿಂದ ಒಬ್ಬರು ಹೆಬ್ಬೆಟ್ಟು ಹಾಕಿದ್ರು. ಬಸ್‌ಸ್ಟ್ಯಾಂಡಿನ್ಯಾಗ ನಾ ಆಕಿ ಕಾಲಿಗೆ ಬಿದ್ದೆ, ಆಕಿ ನನ್ನ ಮಾರಿ ನೋಡಲಿಲ್ಲ. ನಾನೂ ಆಕೀದು ನೋಡಲಿಲ್ಲ.

ಬೆಳಕಿನ ಲೆಕ್ಕಕ್ಕ ಅದ ನಾ ತಗದ ಎಲ್ಲಾದ್ರಾಗ ಚಲೋ ಫೋಟೋ. ಪಟ್ಟಿ ತುಂಬ ಬಿಳೇ ಬೆಳಕು, ಒಂದು ಕಲಿ ಇಲ್ಲ. ದೊಡ್ಡದು ಮಾಡಿದ್ರ ಮಾತ್ರ, ಮ್ಯಾಲಿನ ಅಂಚಿಗೆ, ದೋತರ ಬಿಗಿ ಹಿಡದ ನಾಕು ಬೆರಳು ಕಾಣ್ತಾವ. ಕೈ ನಡುಗಿದ್ದಕ್ಕ ಅವಷ್ಟ ಮಸಕ ಬಂದಾವ. ಇಲ್ಲೀತನಕ ಅದನ್ನ ಯಾರೂ ದೊಡ್ಡದು ಮಾಡಿ ನೋಡಿಲ್ಲ.