ರೊಟ್ಟಿಯ ವೆಬ್‌ಸೈಟಿಗೆ ತೆಗೆಸಿದ ಫೋಟೋ

ನಮ್ಮ ಮನೆ ಬೆಟಗೇರಿಯಲ್ಲಿ. ಮಗ್ಗ ನಿಂತ ಮೇಲೆ ನಮ್ಮ ಮನೆಯವರು ಗದಗಿನ ಒಂದು ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋದರು, ನಾನು ಮನೆಯಲ್ಲಿ ಕೂತು ಜೋಳದ ಖಡಕ್ ರೊಟ್ಟಿ ಬಡಿದು ಮಾರತೊಡಗಿದೆ. ಮಗ್ಗದ ಕುಣಿಯನ್ನು ಮಣ್ಣಿನಿಂದ ಮುಚ್ಚಿ, ಮೇಲೆ ಕಲ್ಲು ಹಾಸಿ, ಆ ಕೋಣೆಯನ್ನು ಬಾಡಿಗೆಗೆ ಬಿಟ್ಟಿದ್ದೆವು. ಅಲ್ಲಿಗೆ ಬಂದವಳು ಅವಳು.

ಬೆಳ್ಳಟ್ಟಿ ಕಡೆಯ ಒಕ್ಕಲುತನದ ಮನೆಯವಳು. ಬಂದಾಗ ಒಂದು ಕೈಚೀಲವಿತ್ತು, ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದಳು. ಒಲೆಯ ಮೇಲೆ ಕಾದ ಹಂಚಿಗೆ ಗಂಡ ಆ ಕೈಯನ್ನು ಒತ್ತಿ ಹಿಡಿದಿದ್ದನಂತೆ. ಅದನ್ನು ನನಗೆ ಹೇಳಲು ಅವಳಿಗೆ ಬಹಳ ಕಾಲ ಬೇಕಾಯಿತು. ಶಾಲೆಗೆ ಹೋಗುವ ಮಗಳನ್ನು ಬಿಟ್ಟು ಬಂದಿದ್ದಳು. ಕರೆದುಕೊಂಡು ಬರಲು ಮತ್ತೆ ಹೋದಾಗ ಅತ್ತೆ ಬಾಗಿಲು ತೆಗೆಯಲಿಲ್ಲ. ಆಮೇಲೆ ಊರವರ ಬಾಯಿಂದ ಖಬರ ಬಂತು: ಅವಳು ಸತ್ತಳೆಂದು ಗಂಡ ಎಲ್ಲರಿಗೂ ಹೇಳಿದ್ದಾನೆ, ಮಗಳಿಗೂ.

ಕೈ ವಾಸಿಯಾದ ಮೇಲೆ ಒಂದು ದಿನ ನನ್ನ ಪಕ್ಕ ಕೂತು ಹಿಟ್ಟು ನಾದಿದಳು. ಅವಳು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆಯ ಕಿಟಕಿಯ ಸರಳು ಕಾಣುತ್ತಿದ್ದವು. ಅಂದಿನಿಂದ ವ್ಯಾಪಾರ ಇಬ್ಬರದೂ ಆಯಿತು. ವರ್ಷಗಳು ಕಳೆದವು. ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಹುಬ್ಬಳ್ಳಿಗೆ, ಬೆಂಗಳೂರಿಗೆ ಪಾರ್ಸಲ್ ಹೋಗತೊಡಗಿದವು. ಫೋನು ಬಿಡುವಿಲ್ಲದೆ ರಿಂಗಾಗುತ್ತಿತ್ತು. ದರ ಎಷ್ಟು, ಯಾವಾಗ ಕಳಿಸುತ್ತೀರಿ ಎಂದು ಎಲ್ಲರದೂ ಅದೇ ಪ್ರಶ್ನೆ, ನಮ್ಮ ಕೈ ಹಿಟ್ಟಿನಲ್ಲಿ. ವೆಬ್‌ಸೈಟ್ ಮಾಡಿಸೋಣ ಎಂದು ನಾನೇ ಅಂದೆ.

ಮೊದಲು ಹೋದದ್ದು ಗದಗಿನ ಒಂದು ಮಹಡಿಯ ಮೇಲಿನ ಆಫೀಸಿಗೆ. ಅಲ್ಲಿದ್ದವನು ನಮ್ಮಿಬ್ಬರನ್ನು ಬಿಟ್ಟು, ಜೊತೆಗೆ ಬಂದ ನಮ್ಮ ಮನೆಯವರ ಮುಖ ನೋಡಿಯೇ ಮಾತಾಡಿದ. ಸಿದ್ಧ ಮಾಡಿಟ್ಟಿದ್ದ ಪುಟವೊಂದನ್ನು ತೋರಿಸಿದ. ಅದರ ತುಂಬ ಉಬ್ಬಿದ ಗೋದಿ ಫುಲ್ಕ. "ಇದರಾಗ ನಿಮ್ಮ ಹೆಸರು ಹಾಕಿದ್ರ ಆತು" ಅಂದ. ಎದ್ದು ಬಂದೆವು.

ಆಮೇಲೆ ಸಿಕ್ಕವಳು ಮನೆಯಲ್ಲೇ ಕೂತು ವೆಬ್‌ಸೈಟ್ ಮಾಡಿಕೊಡುವ ಒಬ್ಬ ಹೆಣ್ಣುಮಗಳು. ತಾನೇ ನಮ್ಮ ಮನೆಗೆ ಬಂದಳು. ಚಾಪೆಯ ಮೇಲೆ ಕೂತು, ರೊಟ್ಟಿ ಮುರಿದು ತಿನ್ನುತ್ತ ಒಂದೊಂದೇ ಕೇಳಿದಳು. ಎಷ್ಟು ದಿನ ಕೆಡದೆ ಇರುತ್ತದೆ, ಪಾರ್ಸಲ್ ವಾರದಲ್ಲಿ ಯಾವ ದಿನ ಹೋಗುತ್ತದೆ, ಹಾದಿಯಲ್ಲಿ ಚೂರಾದರೆ ಏನು ಮಾಡುತ್ತೀರಿ.

"ಚೂರಾದ್ರ ಮೊಸರಾಗ ಕಲಸ್ಕೊಂಡು ತಿನ್ರಿ ಅಂತ ಬರೀರಿ" ಅಂದಳು ಹಂಚಿನ ಮುಂದೆ ಕೂತಿದ್ದ ಇವಳು. ಮೂವರೂ ನಕ್ಕೆವು.

ಕೊನೆಗೆ ಆ ಹೆಣ್ಣುಮಗಳು ಹೇಳಿದಳು: "ರೊಟ್ಟಿ ಯಾರು ಮಾಡ್ತಾರ ಅನ್ನೂದನ್ನ ಜನಾ ನೋಡಬೇಕ್ರಿ ಅಕ್ಕಾರ. ನಿಮ್ಮಿಬ್ಬರದೂ ಒಂದು ಫೋಟೋ ಬೇಕು."

ನಾನು ತಕ್ಷಣ ಬೇಡ ಅಂದೆ. ರೊಟ್ಟಿಯದಷ್ಟೇ ಸಾಕು ಅಂದೆ. ಇವಳು ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡಳು. "ನನ್ನದು ತಗೀರಿ. ಮುಖಾ ಚೆಂದಂಗೆ ಕಾಣೂಹಂಗ ತಗೀರಿ" ಅಂದಳು.

ಅವಳನ್ನು ಹಿತ್ತಲಿಗೆ ಕರೆದೊಯ್ದು ಕೇಳಿದೆ. "ಹುಚ್ಚಿ ಅದಿಯೇನ? ಅಂವ ನೋಡಿದ್ರ?"

"ನೋಡಲಿ. ಅಂವ ಬಂದ್ರ ನಾನೂ ಮೊದಲಿನಾಕಿ ಅಲ್ಲ. ನನ್ನ ಮಗಳು ಈಗ ದೊಡ್ಡಾಕಿ ಆಗ್ಯಾಳ ಅಕ್ಕಾ. ಅಕಿ ಕೈಯಾಗೂ ಒಂದು ಫೋನ್ ಇರಬೇಕಲ್ಲ? ಎಲ್ಲೆರೆ ಒಮ್ಮೆ ಕಣ್ಣಿಗೆ ಬಿದ್ದರ, ನಮ್ಮವ್ವ ಜೀವಂತ ಅದಾಳ ಅಂತ ಗೊತ್ತಾಗಲಿ."

ಅಂದೇ ಅವಳೊಬ್ಬಳ ಫೋಟೋ ತೆಗೆಸಿದೆವು. ಹಂಚಿನ ಮುಂದೆ ಕೂತು ಕ್ಯಾಮೆರಾವನ್ನು ನೇರವಾಗಿ ನೋಡುತ್ತಿದ್ದಾಳೆ. ನಗು ಇಲ್ಲ. ಯಾರನ್ನೋ ಗುರುತು ಹಿಡಿಯಲು ನೋಡುವ ಹಾಗೆ ಇದೆ ಆ ನೋಟ.

ವೆಬ್‌ಸೈಟ್ ಶುರುವಾದ ಮೇಲೆ ಆರ್ಡರು ಹೆಚ್ಚಿದವು. ಪ್ರತಿದಿನ ಕೆಲಸ ಮುಗಿಸಿ, ಕೈ ತೊಳೆದು, ನನ್ನ ಫೋನಿನಲ್ಲಿ ಆ ಪುಟ ತೆಗೆಸಿ ನೋಡುವಳು. ನೋಡಿ ವಾಪಸು ಕೊಡುವಳು. ಹಾಗೆ ಒಂದು ಮಳೆಗಾಲ ಹೋಯಿತು.

ಸುಗ್ಗಿಯ ಹೊತ್ತಿಗೆ ಒಂದು ಮಧ್ಯಾಹ್ನ ಫೋನು ಬಂತು. ಕೈ ಹಿಟ್ಟಾಗಿತ್ತೆಂದು ಸ್ಪೀಕರ್ ಹಾಕಿದೆ. ಹುಡುಗಿಯ ದನಿ.

"ಫೋಟೋದಾಗ ಕುಂತಾರಲ್ರಿ, ಅವರು ಅಲ್ಲೇ ಅದಾರೇನ್ರಿ?"

"ಅದಾಳವ್ವಾ. ನೀ ಯಾರು?"

ನನ್ನ ಎದುರು ಕೂತವಳ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತ್ತು. "ಯವ್ವಾ" ಅಂದಳು ಇವಳು, ಮಗಳನ್ನು ಕರೆಯುವ ದನಿಯಲ್ಲಿ.

ಹುಡುಗಿ ಅಳತೊಡಗಿದಳು. ಅಳುತ್ತಲೇ ಹೇಳಿದಳು. ಅವಳ ಮದುವೆ ಗೊತ್ತಾಗಿದೆ. ಗಂಡಿನ ಕಡೆಯವರು ಲಕ್ಷ್ಮೇಶ್ವರದಲ್ಲಿ ಕಾಳಿನ ವ್ಯಾಪಾರ ಮಾಡುವವರು. "ನೀ ತೀರಿಕೊಂಡಿ ಅಂತ ಅವರಿಗೆ ಹೇಳ್ಯಾರ. ಬೀಗರಾಗ ಯಾರೋ ರೊಟ್ಟಿ ತರಸಾಕ ಹೋಗಿ ಈ ಫೋಟೋ ನೋಡ್ಯಾರ. ಈಕಿ ನಿಮ್ಮ ಹುಡುಗಿಹಂಗ ಕಾಣ್ತಾಳಲ್ಲ ಅಂತ ಅಪ್ಪಗ ಕೇಳ್ಯಾರ. ಅಪ್ಪ ನಕ್ಕು ಮಾತು ಹಾರಿಸ್ಯಾನ. ಆಮ್ಯಾಲ ನಾ ಹುಡುಕಿ ನೋಡಿದೆ. ಖರೆ ಗೊತ್ತಾದ್ರ ಅವರು ಒಲ್ಲೆ ಅಂತಾರ. ಫೋಟೋ ಅಲ್ಲಿಂದ ತಗೀತಿಯೇನಬೇ?"

"ತಗೀತೀನಿ."

"ಸಿಟ್ಟ ಬಂತೇನ?"

"ಇಲ್ಲ. ನೀ ಉಂಡಿಯೇನ?"

ಉತ್ತರ ಬರುವ ಮೊದಲು ಫೋನು ಕಟ್ ಆಯಿತು. ಹಿಂದೆ ಯಾರೋ ಬಂದಿರಬೇಕು.

ನನಗೆ ತಡೆಯಲಾಗದ ಸಿಟ್ಟು ಬಂತು. "ನಿಮ್ಮಪ್ಪ ಏನ್ ಮಾಡಿದ ಅಂತ ಹೇಳಬೇಕಿತ್ತು ಅಕಿಗೆ. ಕೈ ಸುಟ್ಟದ್ದನ್ನರೆ ಹೇಳಬೇಕಿತ್ತು" ಅಂದೆ.

ಅವಳು ಉಂಡೆ ಕಟ್ಟಿ ಬಡಿಯತೊಡಗಿದಳು. "ಈ ಮದವಿ ಮುರಿದ್ರ ಅಕಿ ಅದ ಮನಿಯಾಗ ಇರಬೇಕು ಅಕ್ಕಾ, ಅಂವನ ಕೂಡ. ಮೊದಲ ಆ ಮನಿ ಬಿಟ್ಟು ಹೊರಗ ಬೀಳಲಿ." ಆ ರೊಟ್ಟಿ ನಡುವೆ ಹರಿಯಿತು. ಕೂಡಿಸಿ ಮತ್ತೆ ಬಡಿದಳು. ಮತ್ತೆ ಹರಿಯಿತು.

ವೆಬ್‌ಸೈಟ್ ಮಾಡಿದ ಹೆಣ್ಣುಮಗಳಿಗೆ ಹೇಳಿದೆವು. ಅವಳು ಫೋಟೋ ತೆಗೆದುಹಾಕಿ, ಸಂಜೆ ಮನೆಗೆ ಬಂದು ಕಾರಣ ಕೇಳಿದಳು. ಎಲ್ಲ ಹೇಳಿದೆವು. "ಮುಖಾ ಬ್ಯಾಡಂದ್ರ ಬರೇ ಕೈ ಹಾಕೂಣೇನ್ರಿ?" ಎಂದಳು. ಇವಳು ತನ್ನ ಬಲಗೈಯ ಸುಟ್ಟ ಕಲೆ ನೋಡಿಕೊಂಡಳು. "ಇದನ್ನ ಆ ಮನಿಯವರು ಗುರ್ತು ಹಿಡೀತಾರ. ಅಕ್ಕಾರದು ತಗೀರಿ" ಅಂದಳು.

ಹಾಗಾಗಿ ಈಗ ಅಲ್ಲಿರುವುದು ನನ್ನ ಕೈ, ಅವಳು ಬಡಿದ ರೊಟ್ಟಿಯ ಮೇಲೆ. ನಿಮ್ಮ ಕೈ ರುಚಿ ನಮ್ಮವ್ವನ ನೆನಪು ತರುತ್ತದೆ ಎಂದು ಜನ ಬರೆಯುತ್ತಾರೆ. ಮೊದಲೆರಡು ಸಲ ಅವಳಿಗೆ ಓದಿ ಹೇಳಿದೆ. ಆಮೇಲೆ ಓದುವುದನ್ನು ಬಿಟ್ಟೆ.

ಮದುವೆ ಯಾವ ದಿನವೆಂದು ಹುಡುಗಿ ಹೇಳಿರಲಿಲ್ಲ, ತಾಯಿ ಕೇಳಿರಲಿಲ್ಲ. ಆ ಹಂಗಾಮಿನಲ್ಲಿ ಮುಹೂರ್ತವಿದ್ದ ದಿನವೆಲ್ಲ ಅವಳಿಗೆ ಮಗಳ ಮದುವೆಯೇ ಆಯಿತು. ಓಣಿಯಲ್ಲಿ ಬ್ಯಾಂಡು ಕೇಳಿಸಿದರೆ ಕೈ ನಿಲ್ಲುತ್ತಿತ್ತು. "ಇವತ್ತ ಇರಬೇಕು" ಅನ್ನುವಳು. ಮುಂದಿನ ಮುಹೂರ್ತಕ್ಕೂ ಅದೇ ಮಾತು. ಲಕ್ಷ್ಮೇಶ್ವರಕ್ಕೆ ಹೋಗಿ ದೂರದಿಂದಾದರೂ ನೋಡಿ ಬರೋಣ, ಬೀಗರ ಅಂಗಡಿ ಹುಡುಕೋಣ ಎಂದೆ.

"ಸತ್ತಾಕಿ ಹೆಂಗ ಹೋಗ್ಲಿ ಅಕ್ಕಾ?" ಅಂದಳು. ಅಳಲಿಲ್ಲ. ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಮದುವೆಯ ಹಂಗಾಮು ಮುಗಿಯಿತು. ಹುಡುಗಿ ಮತ್ತೆ ಫೋನ್ ಮಾಡಲಿಲ್ಲ. ಬಂದ ನಂಬರಿಗೆ ನಾನೇ ಒಮ್ಮೆ ಹಚ್ಚಿ ನೋಡಿದೆ. ಆ ನಂಬರು ಈಗ ಬಳಕೆಯಲ್ಲಿಲ್ಲ ಎಂದಿತು. ಫೋಟೋ ತಿರುಗಿ ಹಾಕಿಸೋಣವೆಂದರೆ ಇವಳು ಕೇಳುವುದಿಲ್ಲ. ಗಂಡನ ಮನೆಯಲ್ಲಿ ಹುಡುಗಿ ನೆಲೆಯೂರಲಿ, ಮಕ್ಕಳಾಗಲಿ ಅನ್ನುತ್ತಾಳೆ.

ಮೊನ್ನೆ ಆ ಹೆಣ್ಣುಮಗಳು ಚಟ್ನಿಯ ಹೊಸ ದರ ಹಾಕಲು ಬಂದಿದ್ದಳು. ಇವಳು ಅವಳ ಲ್ಯಾಪ್‌ಟಾಪಿನ ಪಕ್ಕ ಬಂದು ನಿಂತಳು. "ನೋಡಿದವರು ಯಾವ ಊರವರು ಅಂತ ಇದರಾಗ ಗೊತ್ತಾಗ್ತೈತೇನ್ರಿ? ಲಕ್ಷ್ಮೇಶ್ವರದವರು ಯಾರರ ನೋಡ್ಯಾರೇನು?"

ಆ ಹೆಣ್ಣುಮಗಳು ತೆರೆದು ತೋರಿಸಿದಳು. "ಊರು ಸರಿಯಾಗಿ ಬರೂದಿಲ್ರಿ ಅಕ್ಕಾರ. ಫೋನಿನಾಗ ನೋಡಿದವರನ್ನೆಲ್ಲಾ ಬೆಂಗಳೂರು ಅಂತನ ತೋರಸ್ತೈತಿ."

"ಹೌದಾ" ಅಂದಳು ಇವಳು. ಹೋಗಿ ಒಲೆ ಹೊತ್ತಿಸಿದಳು.